ರೊಟ್ಟಿಗೆ ಎಷ್ಟು ಆಂಪಿಯರ್?

ದಾಕ್ಷಾಯಿಣಿ ಹೆಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಿದ್ದಾಗ ಗೋಡೆಯ ಮೇಲಿದ್ದ ಗೃಹಶ್ರಮ ಮಾಪಕ ಮಾತಾಡತೊಡಗಿತು.

"ಬಚ್ಚಲುಮನೆ: ಇನ್ನೂರ ಮೂವತ್ತು ವೋಲ್ಟ್, ಹತ್ತು ಆಂಪಿಯರ್. ಶ್ರೀ ನಾಗಭೂಷಣ ಅವರು ಎರಡು ಸಾವಿರದ ಮುನ್ನೂರು ವ್ಯಾಟ್ ಸಾಮರ್ಥ್ಯದಲ್ಲಿ ದುಡಿಯುತ್ತಿದ್ದಾರೆ. ಅಡುಗೆಮನೆ: ಶ್ರೀಮತಿ ದಾಕ್ಷಾಯಿಣಿ ಅವರು ವಿಶ್ರಾಂತಿಯಲ್ಲಿದ್ದಾರೆ."

ಬಚ್ಚಲಿನಿಂದ ಗಂಡನ ರಾಗಾಲಾಪನೆ ಕೇಳಿಬರುತ್ತಿತ್ತು. ಬೆಳ್ಳುಳ್ಳಿ ಸುಲಿಯುತ್ತ ಕುಳಿತಿದ್ದ ಅತ್ತೆ ಗುರುಸಿದ್ದಮ್ಮ ತಲೆಯೆತ್ತಿದರು.

"ನನ್ ಮಗ ಹುಟ್ಟಿದಾಗಿಂದ ಇಷ್ಟು ದುಡಿದಿದ್ದು ನಾನು ನೋಡಿರ್ಲಿಲ್ಲ ಕಣೆ ದಾಕ್ಷಿ. ಬೆನ್ನಿಗೆ ಸೋಪು ಹಚ್ಕೊಂಡಿದ್ದಕ್ಕೆ ಇನ್ನೊಂದು ನೂರು ವ್ಯಾಟ್ ಸೇರಿಸ್ಕಳಪ್ಪ ಅನ್ನು ಅದಕ್ಕೆ."

'ದಿನವಿಡೀ ಮನೇಲಿ ಕೂತು ಏನ್ಮಾಡ್ತೀಯ?' ಎಂಬುದು ಹೆಂಗಸರು ತಲೆತಲಾಂತರದಿಂದ ಕೇಳಿಸಿಕೊಂಡು ಬಂದ ಪ್ರಶ್ನೆ. ಅದಕ್ಕೆ ವಿಜ್ಞಾನವೇ ಉತ್ತರ ಕೊಡಲಿ ಎಂದು ಹಟ ಹಿಡಿದವರೂ ಚಿತ್ರದುರ್ಗದ ಹೆಂಗಸರೇ. ಅದಕ್ಕೆಂದು ಅವರು ಕರೆದ ಸಭೆಯಲ್ಲಿ ಎಲ್ಲರಿಗಿಂತ ಮೊದಲು ಕೈಯೆತ್ತಿದವಳು ದಾಕ್ಷಾಯಿಣಿ. ಹಾಗೆ ಹುಟ್ಟಿದ ಮಾಪಕ ಈಗ ಮನೆಮನೆಯಲ್ಲೂ ಇತ್ತು. ತಿಂಗಳಿಡೀ ಯಾರ ಹೆಸರಿನಲ್ಲಿ ಹೆಚ್ಚು ಯೂನಿಟ್ ಶ್ರಮ ಜಮೆಯಾಗುತ್ತದೋ ಅವರಿಗೆ ಮುಂದಿನ ತಿಂಗಳ ಭಾನುವಾರಗಳೆಲ್ಲ ರಜೆ. ಉಳಿದವರು ಮನೆ ನೋಡಿಕೊಳ್ಳಬೇಕು.

ಅವಳಿಗೆ ಬೇಕಿದ್ದದ್ದು ಒಂದೇ ಒಂದು ಭಾನುವಾರ. ಜೋಗಿಮಟ್ಟಿ ಗುಡ್ಡ ಹತ್ತಿ, ಆ ಗಾಳಿಯಲ್ಲಿ ಒಬ್ಬಳೇ ಕೂರಬೇಕು. 'ತಿನ್ನೋಕೇನಿದೆ?' ಎಂದು ಕೇಳುವ ಒಂದು ನರಪಿಳ್ಳೆಯೂ ಹತ್ತಿರವಿರಬಾರದು. ಆದರೆ ಮಾಪಕ ಬಂದಾಗಿನಿಂದ ಭಾನುವಾರಗಳೆಲ್ಲ ನಾಗಭೂಷಣನ ಪಾಲಾಗಿದ್ದವು. "ನಾನೇನ್ ಮಾಡ್ಲೇ, ಲೆಕ್ಕ ಹಾಗೆ ಬರುತ್ತೆ" ಎನ್ನುತ್ತ ಅವನು ಸಂಕೋಚದಿಂದಲೇ ಕಾಲು ಚಾಚುತ್ತಿದ್ದ. ಬರುವ ಭಾನುವಾರ ಈ ಗೆಲುವಿನ ಖುಷಿಗೆ ಗೆಳೆಯರನ್ನು ರೊಟ್ಟಿ ಊಟಕ್ಕೆ ಬೇರೆ ಕರೆದಿದ್ದ.

ಮಾಪಕದ ತಪಾಸಣೆಗೆಂದು ಅದನ್ನು ಕಂಡುಹಿಡಿದ ಡಾಕ್ಟರ್ ತಿಪ್ಪೇಸ್ವಾಮಿಯವರೇ ಅವತ್ತು, ನಾಗಭೂಷಣನ ಸ್ನಾನ ಮುಗಿಯುವ ಮೊದಲೇ, ಬಂದರು. ಬಿಸಿ ರೊಟ್ಟಿಯ ವಾಸನೆಗೆ ತಪಾಸಣೆಯನ್ನು ಬದಿಗಿಟ್ಟು ತಟ್ಟೆಯ ಮುಂದೆ ಕುಳಿತರು.

"ಇದು ಹೇಗೆ ಲೆಕ್ಕ ಹಾಕುತ್ತೆ ಸಾರ್?" ದಾಕ್ಷಾಯಿಣಿ ಗುರೆಳ್ಳು ಚಟ್ನಿಪುಡಿ ಬಡಿಸುತ್ತ ಕೇಳಿದಳು.

"ಬಹಳ ಸುಲಭ ತಾಯಿ. ನಲ್ಲಿ ನೀರು ಅಂತ ತಿಳ್ಕೊಳ್ಳಿ. ನೀರನ್ನ ತಳ್ಳೋ ಒತ್ತಡ ವೋಲ್ಟು, ಹರಿಯೋದು ಆಂಪಿಯರ್. ಎರಡನ್ನೂ ಗುಣಿಸಿದ್ರೆ ಸಾಮರ್ಥ್ಯ, ಅಂದ್ರೆ ವ್ಯಾಟ್. ವೋಲ್ಟನ್ನ ಆಂಪಿಯರ್‌ನಿಂದ ಭಾಗಿಸಿದ್ರೆ ರೋಧ, ಅದು ಓಮ್. ಇನ್ನೂರ ಮೂವತ್ತನ್ನ ಹತ್ತರಿಂದ ಭಾಗಿಸಿ. ಇಪ್ಪತ್ಮೂರು ಓಮ್ ಬಂತಾ? ಹಾಗಾದ್ರೆ ಉರೀತಿರೋದು ಗೀಸರ್ ಅಂತ ಮಾಪಕಕ್ಕೆ ಗೊತ್ತಾಗುತ್ತೆ. ನಿಮ್ಮೆಲ್ಲರ ಬೆರಳಿಗೆ ಒಂದೊಂದು ಉಂಗುರ ಕೊಟ್ಟಿದೀವಲ್ಲ, ಯಾರ ಉಂಗುರ ಅದಕ್ಕೆ ಹತ್ತಿರ ಇದೆಯೋ ಕೆಲಸ ಅವರದ್ದು."

"ಈ ರೊಟ್ಟಿಗೆ ಎಷ್ಟು ಆಂಪಿಯರ್?"

"ಗೋಬರ್ ಗ್ಯಾಸಿನ ಒಲೆ, ಬರೀ ಕೈ... ಕರೆಂಟೇ ಇಲ್ವಲ್ಲ. ಸೊನ್ನೆ. ಇನ್ನೂರ ಮೂವತ್ತನ್ನ ಸೊನ್ನೆಯಿಂದ ಗುಣಿಸಿದ್ರೆ ಸೊನ್ನೇನೇ." ಡಾಕ್ಟರು ಸೊನ್ನೆಯಲ್ಲಿ ಅರ್ಧ ಮುರಿದು ಬಾಯಿಗಿಟ್ಟುಕೊಂಡರು.

"ನಿಮ್ಮನೇಲಿ ರಜೆ ಯಾರಿಗಪ್ಪ?" ಗುರುಸಿದ್ದಮ್ಮ ಕೇಳಿದರು.

"ನನಗೇ ಅಜ್ಜಿ. ಪ್ರಯೋಗಕ್ಕೆ ಅಂತ ಮನೇಲೊಂದು ವಿದ್ಯುತ್ ಕುಲುಮೆ ಇಟ್ಕೊಂಡಿದೀನಿ."

"ಹೆಂಡ್ತಿ ಏನಂತಾಳೆ?"

"ಮಾತು ಬಿಟ್ಟು ಬಹಳ ದಿನ ಆಯ್ತು" ಎಂದ ಡಾಕ್ಟರು ದನಿ ತಗ್ಗಿಸಿದರು. "ನೋಡಿ ತಾಯಿ, ನಾನು ಹೇಳ್ದೆ ಅನ್ಬೇಡಿ. ಎದುರುಮನೆ ಸರ್ವಮಂಗಳಮ್ಮನವರು ದಿನಾ ಖಾಲಿ ಮಿಕ್ಸಿ ಓಡಿಸ್ತಾರೆ, ಇಸ್ತ್ರಿ ಆದ ಸೀರೇನೇ ಮತ್ತೆ ಇಸ್ತ್ರಿ ಮಾಡ್ತಾರೆ. ಅವರಿಗೆ ರಜೆ ಸಿಕ್ಕಿದೆ."

ಸರ್ವಮಂಗಳಮ್ಮನಿಗೆ ಸಿಕ್ಕ ರಜೆಯನ್ನು ದಾಕ್ಷಾಯಿಣಿ ಕಂಡಿದ್ದಳು. ಪಾಪ, ಮಿಕ್ಸಿಯ ಸದ್ದಿಗೆ ತಲೆನೋವು ಹತ್ತಿಸಿಕೊಂಡು ಆಕೆ ಭಾನುವಾರವಿಡೀ ಹಾಸಿಗೆ ಬಿಟ್ಟೇಳಲಿಲ್ಲ. ಮಾಡಿದ ಕೆಲಸವನ್ನು ಕೆಲಸವೆಂದು ತೋರಿಸುವುದಕ್ಕೆ ಇನ್ನೊಂದು ಕೆಲಸ ಮಾಡಬೇಕೆ? ಅವಳಿಗೆ ಅದು ಒಗ್ಗಲಿಲ್ಲ. ಹಿಟ್ಟಿನ ಉಂಡೆಯನ್ನು ಅಂಗೈಯಲ್ಲಿ ತಿರುಗಿಸಿದಳು. ಆಮೇಲೆ ಕೇಳಿದಳು:

"ಅಲ್ಲ ಸಾರ್, ನಾನು ರೊಟ್ಟಿ ತಟ್ಟಿದ್ರೆ ಸೊನ್ನೆ. ಕಸ ಗುಡಿಸಿದ್ರೆ, ಪಾತ್ರೆ ತೊಳೆದ್ರೆ?"

"ಸೊನ್ನೆ."

"ತಟ್ಟದೇ, ಗುಡಿಸದೇ, ತೊಳೀದೇ ಇದ್ರೆ?"

"ಆಗ್ಲೂ ಸೊನ್ನೇನೇ." ಡಾಕ್ಟರ ಮುಖ ಅರಳಿತು. "ಒಂದು ಅಂಕಿ ಕೂಡ ಕದಲಲ್ಲ ತಾಯಿ. ಅಷ್ಟು ನಿಖರ ನಮ್ಮ ಯಂತ್ರ. ಯಾರು ಬಂದು ತಪಾಸಣೆ ಮಾಡಿದ್ರೂ ವ್ಯತ್ಯಾಸ ಕಾಣಲ್ಲ."

ಅಷ್ಟರಲ್ಲಿ ನಾಗಭೂಷಣ ಮೈಯಿಂದ ಹಬೆಯಾಡಿಸುತ್ತ ಹೊರಬಂದ. ಡಾಕ್ಟರಿಗೆ ಕೈಮುಗಿದು, ತಟ್ಟೆಯಲ್ಲಿದ್ದುದನ್ನು ನೋಡಿ ತೃಪ್ತನಾದ.

"ಇವಳೇ, ಭಾನುವಾರ ಎಂಟು ಜನ ಆಗ್ಬಹುದು. ರೊಟ್ಟಿ ಸ್ವಲ್ಪ ಧಾರಾಳವಾಗೇ ಇರ್ಲಿ. ಎಣ್ಣೆಗಾಯಿಗೆ ಎಳೆ ಬದನೆ ತರ್ಲಾ?"

ಗುಡ್ಡದ ಕಡೆ ಹೋಗುವ ಮೊದಲ ಬಸ್ಸು ಕೋಳಿ ಕೂಗುವ ಹೊತ್ತಿಗೇ ಹೊರಡುತ್ತದೆ. ಭಾನುವಾರ ಅದನ್ನು ಹತ್ತಿ ಕುಳಿತರೆ ಆಯಿತು. ಅವಳ ಹೆಸರಿನ ಎದುರು ಇಲ್ಲದ ಕೆಲಸವನ್ನು ಅವಳು ಮಾಡದೆ ಹೋದರೆ, ಯಾರೂ ಯಾವ ಲೆಕ್ಕದಲ್ಲೂ ತಪ್ಪು ತೋರಿಸಲಾರರು. ಇಷ್ಟು ಸರಳವಾದದ್ದು ಇಷ್ಟು ದಿನ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ಒಳಗೊಳಗೇ ನಗು ಬಂತು.

"ತನ್ನಿ" ಎಂದಳು. "ನಿಮಗೆ ಎಷ್ಟು ಬೇಕೋ ಅಷ್ಟು ತನ್ನಿ."