ಮಾಡದ ಫೋನು

ಮಂಡೆಕೋಲಿನ ನಮ್ಮ ಹನ್ನೊಂದು ಮನೆಗಳಿಗೂ ನಾನು ನೋಡಿಕೊಳ್ಳುವ ಕಾರು ಚಾರ್ಜರಿಗೂ ಕರೆಂಟು ಬರುವುದು ಒಂದೇ ಸೋಲಾರ್ ಶೆಡ್ಡಿನಿಂದ. ಮೋಡದ ದಿನ ಕಾರನ್ನು ಚಾರ್ಜಿಗೆ ಹಾಕಿದರೆ ಇಡೀ ಲೈನೇ ಹೋಗುವುದುಂಟು, ಹಾಗಾಗಿ ಹಾಕುವ ಮೊದಲು ಪೋಕರ್ ಬ್ಯಾರಿಯವರ ಮನೆಗೆ ಫೋನು ಮಾಡಬೇಕಿತ್ತು. ಅವರು ಉಸಿರಾಡುತ್ತಿದ್ದದ್ದು ಕರೆಂಟಿನ ಆಕ್ಸಿಜನ್ ಮೆಶಿನಿನಿಂದ. ಕರೆಂಟು ಹೋಗುವುದಾದರೆ ಮಗಳು ಲೈಲಾ ಸಿಲಿಂಡರು ಜೋಡಿಸಬೇಕು.

ಜೂನಿನ ಒಂದು ಮೋಡದ ಮಧ್ಯಾಹ್ನ ಬಂದದ್ದು ನನ್ನ ಭಾವನ ಕಾರು. ಮಾತಿನ ಭರದಲ್ಲಿ ನಾನು ಫೋನು ಮಾಡದೆಯೇ ಅದನ್ನು ಚಾರ್ಜಿಗೆ ಹಾಕಿದೆ. ಇಪ್ಪತ್ತೊಂದು ನಿಮಿಷಕ್ಕೆ ಇಡೀ ಲೈನು ಹೋಯಿತು. ಲೈಲಾ ಬಟ್ಟೆ ಒಗೆಯಲು ಹೊಳೆಗೆ ಹೋಗಿದ್ದಳು. ಅವಳು ಬರುವಾಗ ಪೋಕರ್ ಬ್ಯಾರಿಯವರ ಉಸಿರು ನಿಂತಿತ್ತು.

"ಕರೆಂಟು ಹೋಗುವಾಗ ಚಾರ್ಜಿಗೆ ಕಾರು ಇತ್ತಾ ಮುರಳಿಯಣ್ಣ?" ಎಂದು ಕೇಳಿದಳು. ಇಲ್ಲ ಎಂದೆ.

ಅಂದಿನಿಂದ ಮೋಡದ ಮಧ್ಯಾಹ್ನಗಳಲ್ಲಿ ಕಾರಿಲ್ಲದೆಯೇ ಚಾರ್ಜರಿನ ಹಸಿರು ದೀಪ ಹತ್ತುತ್ತದೆ. ಕೇಬಲಿನ ಹಿಡಿ ಯಾರೋ ಹಿಡಿದು ಬಿಟ್ಟಷ್ಟು ಬೆಚ್ಚಗಿರುತ್ತದೆ. ಒಳಗೆಲ್ಲೋ ನೀರು ಗುಳುಗುಳು ಎನ್ನುತ್ತದೆ. ಇಪ್ಪತ್ತೊಂದು ನಿಮಿಷಕ್ಕೆ ನಿಲ್ಲುತ್ತದೆ.

ನಿನ್ನೆ ಮೋಡದ ಮಧ್ಯಾಹ್ನ ಲೈಲಾ ಚಾರ್ಜರಿನ ಹತ್ತಿರ ಬಂದಳು.

"ಬಾಪನ ಮೆಶಿನನ್ನು ವಯರು ಸುತ್ತಿ ಅಟ್ಟದಲ್ಲಿ ಇಟ್ಟದ್ದು ಅಣ್ಣ. ಮೋಡ ಇದ್ದ ದಿನ ಅದರಷ್ಟಕ್ಕೆ ಓಡ್ತದೆ. ಅದರ ಬಾಟ್ಲಿಯ ನೀರು ಬಾಪ ಇರುವಾಗಿನ ಹಾಗೆಯೇ ಗುಳುಗುಳು ಹೇಳ್ತದೆ. ನಿಮ್ಮಲ್ಲಿ ಎಂತಾದರೂ ಉಂಟಾ?"

"ಎಂತ ಇಲ್ಲ ಲೈಲಾ" ಎಂದೆ.

ನನ್ನ ಬೆನ್ನ ಹಿಂದೆ ಹಸಿರು ದೀಪ ಹತ್ತಿತ್ತು. ಅವಳು ಅದನ್ನೇ ನೋಡುತ್ತಿದ್ದಳು.