ಹತ್ತೊಂಬತ್ತು ದಿನ ದೊಡ್ಡವಳು

ನೋಟರಿ ಕಚೇರಿಯ ಪತ್ರಕ್ಕೆ ಹದಿನೈದು ಸಾವಿರ ಯೆನ್. ಮೊಹರು ತಮ್ಮದೇ ಎನ್ನುವ ಪ್ರಮಾಣಪತ್ರಕ್ಕೆ ತಲೆಗೆ ಮುನ್ನೂರು. ಅದೇ ದತ್ತು ಅರ್ಜಿಗಾದರೆ ನಗರಸಭೆಯಲ್ಲಿ ಒಂದು ಯೆನ್ನೂ ಕೊಡಬೇಕಿಲ್ಲ.

"ಪುಕ್ಕಟೆ ಕಣೇ," ಎಂದಳು ಚಿಗುಸಾ, ಮೂಲಂಗಿ ಸಿಪ್ಪೆಯ ಪಕ್ಕಕ್ಕೆ ಫಾರ್ಮ್ ಸರಿಸುತ್ತ. "ನೀನು ನನಗಿಂತ ಹತ್ತೊಂಬತ್ತು ದಿನ ದೊಡ್ಡವಳು. ಕಾನೂನಿಗೆ ಅಷ್ಟು ಸಾಕಂತೆ. ನನ್ನನ್ನ ಮಗಳು ಮಾಡ್ಕೊಂಡ್ಬಿಡು."

ಮಿಸಾವೊ ಚಾಕು ನಿಲ್ಲಿಸಲಿಲ್ಲ. ಒನೊಮಿಚಿಯ ಬಂದರಿನೆದುರು ನಲವತ್ತು ವರ್ಷ ಗಿರಾಕಿಗಳ ಗಡ್ಡ ಹೆರೆದ ಕೈ. ಸಣ್ಣಪುಟ್ಟ ಮಾತಿಗೆ ನಡುಗುವಂಥದ್ದಲ್ಲ.

ಈ ತಿಂಗಳ ಹದಿನೆಂಟನೇ ತಾರೀಖಿಗೆ ಚಿಗುಸಾಳ ಹೃದಯದ ಆಪರೇಷನ್. ಇಪ್ಪತ್ತಾರು ವರ್ಷ ಒಂದೇ ಸೂರಿನಡಿ ಬಾಳಿದರೂ ಕಾನೂನಿನ ಕಣ್ಣಿಗೆ ಮಿಸಾವೊ ಅವಳಿಗೆ ಯಾರೂ ಅಲ್ಲ. ಏನಾದರೂ ಹೆಚ್ಚುಕಮ್ಮಿಯಾದರೆ ಡಾಕ್ಟರು ಫೋನ್ ಮಾಡುವುದು ಹೊಕ್ಕೈದೊದಲ್ಲಿರುವ ಚಿಗುಸಾಳ ಅಣ್ಣನಿಗೆ. ಅವನು ಈ ಮನೆಯ ಹೊಸಿಲು ತುಳಿದವನಲ್ಲ. ಆ ಹೆಂಗಸನ್ನು ಒಳಗೆ ಬಿಡಬೇಡಿ ಎನ್ನಲು ಅವನಿಗೆ ಅರೆನಿಮಿಷ ಸಾಕು.

"ಅಮ್ಮಾ, ಊಟಕ್ಕೇನು?" ಚಿಗುಸಾ ರಾಗ ಎಳೆದಳು.

"ಮುಚ್ಚೇ ಬಾಯಿ. ಅರವತ್ತೊಂದರ ಮಗಳಂತೆ!"

"ನಮ್ಮಂಥವರು ಎಷ್ಟು ಜನ ಮಾಡ್ಕೊಂಡಿಲ್ಲ? ಹಿಂದಿನ ಬೀದಿ ದರ್ಜಿ, ಅವನ ಜೊತೆಗಾರ, ಇಬ್ಬರೂ ಕಾಗದದಲ್ಲಿ ಅಪ್ಪ ಮಗ. ನಿನ್ನಂಥ ಜಿಪುಣಿಗೆ ಇದು ಬೇಡವಾಯ್ತಾ?"

"ಬೇಡ."

"ಯಾಕೆ?"

ಮಿಸಾವೊ ಚಾಕು ಕೆಳಗಿಟ್ಟಳು. ಕಣ್ಣು ಮಾತ್ರ ಮೂಲಂಗಿಯ ಮೇಲೇ ಇತ್ತು. "ನಗರಸಭೆಯವರನ್ನ ಕೇಳ್ದೆ. ಒಂದ್ಸಲ ತಾಯಿ ಮಗಳಾದ್ರೆ, ಆಮೇಲೆ ದತ್ತು ರದ್ದು ಮಾಡಿದ್ರೂ ಮದುವೆ ಆಗೋ ಹಾಗಿಲ್ಲ. ಯಾವತ್ತೂ."

"ನಮಗೆಲ್ಲೇ ಮದುವೆ? ಅಂಥ ಕಾನೂನೇ ಇಲ್ವಲ್ಲ."

"ಇವತ್ತಿಲ್ಲ." ಮಿಸಾವೊಳ ಕಿವಿ ಬಿಸಿಯಾಯಿತು. "ನಾಳೆ ಬಂದ್ರೆ? ನಮ್ಮ ಕೈಯಾರೆ ನಾವೇ ಬಾಗಿಲು ಮುಚ್ಕೊಳೋದಾ? ನೋಟರಿ ಪತ್ರವೇ ಮಾಡ್ಸೋಣ. ಹದಿನೈದು ಸಾವಿರ ತಾನೆ, ಹೋಗ್ಲಿ."

ಚಿಗುಸಾಳ ತುಟಿಯ ಮೇಲಿದ್ದ ತಮಾಷೆ ಮೆಲ್ಲಗೆ ಇಳಿಯಿತು. "ಇಷ್ಟು ವರ್ಷ ಇದನ್ನ ಬಚ್ಚಿಟ್ಕೊಂಡಿದ್ಯಾ?"

"ನೀನು ಕೇಳ್ಲಿಲ್ಲ."

"ಈಗ ಕೇಳ್ತೀನಿ. ಕಾನೂನು ಬಂದ ದಿನ ನನ್ನನ್ನ ಮದುವೆ ಆಗ್ತೀಯಾ?"

"ಆಗದೆ ಇನ್ನೇನು," ಎಂದಳು ಮಿಸಾವೊ, ಗದರುವವಳ ಹಾಗೆ. ಚಿಗುಸಾ ಅವಳ ಒದ್ದೆ ಕೈಯನ್ನು ಎಳೆದು ಕೆನ್ನೆಗೆ ಒತ್ತಿಕೊಂಡಳು. ಒಲೆಯ ಮೇಲೆ ಸಾರು ಉಕ್ಕಿದ್ದನ್ನು ಇಬ್ಬರೂ ನೋಡಲಿಲ್ಲ.

ಮರುದಿನ ಮಿಸಾವೊ ಆಸ್ಪತ್ರೆಗೆ ಫೋನ್ ಮಾಡಿದಳು. ಚಿಗುಸಾಳ ಪರವಾಗಿ ವಿಷಯ ಕೇಳಲು, ಸಹಿ ಹಾಕಲು ಮಿಸಾವೊಗೆ ಅಧಿಕಾರವಿದೆಯೆಂದು ನೋಟರಿ ಪತ್ರ ತಂದರೆ ಒಪ್ಪುತ್ತೇವೆ ಎಂದಳು ಹಿರಿಯ ನರ್ಸ್. ಒಪ್ಪುತ್ತೇವೆ ಎಂದವಳ ಹೆಸರನ್ನೂ ಮಿಸಾವೊ ಬರೆದಿಟ್ಟುಕೊಂಡಳು. ಆ ವಾರವೇ ಇಬ್ಬರೂ ನೋಟರಿಯ ಮುಂದೆ ಕೂತು ಮೊಹರು ಒತ್ತಿದರು.

ಹದಿನೆಂಟರಂದು ಐದು ಗಂಟೆ ಕಾದ ಮೇಲೆ ಬಾಗಿಲು ತೆರೆಯಿತು. "ಚಿಗುಸಾ ಅವರ ಕಡೆಯವರು?"

ಮಿಸಾವೊ ಎದ್ದು ಪತ್ರ ತೋರಿಸಿದಳು. ಡಾಕ್ಟರು ಓದಿ, ಕುರ್ಚಿ ತೋರಿಸಿ, "ಕೂತ್ಕೊಳ್ಳಿ. ಚೆನ್ನಾಗಿದ್ದಾರೆ," ಎಂದರು.

ಅಣ್ಣನಿಗೆ ಯಾರೂ ಫೋನ್ ಮಾಡಲಿಲ್ಲ. ಮದುವೆಯ ಕಾನೂನು ಇನ್ನೂ ಬಂದಿಲ್ಲ. ಆದರೆ ಚಿಗುಸಾ ಬದುಕಿದಳೆಂಬ ಸುದ್ದಿ ಮೊದಲು ತಲುಪಿದ್ದು ಮಿಸಾವೊಗೆ.