ಬಲಗಡೆಯ ಮುಂದಿನ ಚಕ್ರ

ಮೊದಲ ದಿನವೇ ಅವನು ಅವಳ ಕೈಯನ್ನು ತಪ್ಪಾಗಿ ಅರ್ಥ ಮಾಡಿಕೊಂಡ.

ಏಪ್ರಿಲ್ ತಿಂಗಳು. ಬಾರ್ಸಿಲೋನಾದ ಕಾರು ರೇಸಿನ ಟ್ರ್ಯಾಕಿನಲ್ಲಿ ಸೀಸನ್ನಿನ ಮೊದಲ ಅಭ್ಯಾಸ. ಇಟಲಿಯ ಫಾಯೆಂಜಾ ಊರಿನ ಆ ಪುಟ್ಟ ಟೀಮಿಗೆ ಲಾಪೊ ಹೊಸ ಡ್ರೈವರು. ಕಾರು ಜ್ಯಾಕಿನ ಮೇಲೆ ನಿಂತಿತ್ತು. ಟೀಮಿನ ಮೆಕ್ಯಾನಿಕ್ ಮೊರೇನಾ ಬಲಗಡೆಯ ಮುಂದಿನ ಚಕ್ರವನ್ನು ಸಿಕ್ಕಿಸಿದ್ದಳು, ನಟ್ಟು ಇನ್ನೂ ಬಿಗಿದಿರಲಿಲ್ಲ. ಚಕ್ರ ಬಿಗಿದಾಯಿತು, ಹೊರಡು ಎನ್ನಲು ಕೈ ಎತ್ತುವುದು ಅಲ್ಲಿನ ಸನ್ನೆ. ಅವಳು ಕಣ್ಣಿಗೆ ಇಳಿದ ಬೆವರನ್ನು ಒರೆಸಿಕೊಳ್ಳಲೆಂದು ಕೈ ಎತ್ತಿದಳು. ಅಷ್ಟೇ! ಜ್ಯಾಕಿನವನು ಕಾರು ಇಳಿಸಿದ, ಲಾಪೊ ಬುರ್ರನೆ ಹೊರಟೇಬಿಟ್ಟ. ಚಕ್ರ ಕಳಚಿಕೊಂಡು ಉರುಳುರುಳಿ ಪಕ್ಕದ ಟೀಮಿನವರ ಕಾಫಿ ಮೇಜಿಗೆ ಹೋಗಿ ಬಡಿಯಿತು.

"ಬೆವರು ಒರೆಸ್ಕೊಂಡೆ ಕಣಯ್ಯಾ! ನಿನಗೇನು ಟಾಟಾ ಮಾಡಿದ್ನಾ?" ಎಂದು ಅವಳು ಎಲ್ಲರೆದುರೇ ಕೂಗಾಡಿದಳು.

ಲಾಪೊ ಹೆಲ್ಮೆಟ್ ತೆಗೆದ. ಮೂವತ್ತೆರಡರ ಮುಖ, ಬೈಸಿಕೊಳ್ಳುವಾಗಲೂ ನಗುವ ಕಣ್ಣು. "ತಪ್ಪಾಯ್ತು ಮಾರಾಯ್ತಿ. ಇನ್ಮೇಲೆ ನಿನ್ನ ಕೈ ಬಿಟ್ಟು ಬೇರೇನೂ ನೋಡಲ್ಲ."

"ಸಿಗ್ನಲ್ ದೀಪ ನೋಡು, ರಸ್ತೆ ನೋಡು. ನನ್ನ ಕೈಯಲ್ಲಿ ಏನಿದೆ ಮಣ್ಣು?"

ಎಲ್ಲರೂ ನಕ್ಕರು. ಮೊರೇನಾ ಮಾತ್ರ ಗ್ಯಾರೇಜಿನ ಹಿಂದೆ ಹೋಗಿ ಟೈರುಗಳ ಮೇಲೆ ಕುಳಿತಳು. ಐದು ವರ್ಷದ ಹಿಂದೆ ಅವಳು ಬೇರೊಂದು ಟೀಮಿನಲ್ಲಿದ್ದಾಗ, ಹಿಂದಿನ ಚಕ್ರದವನು ಗುರುತು ನೋಡದೆ ಕೈ ಎತ್ತಿದ್ದ. ಆ ಚಕ್ರ ಕಳಚಿದ್ದು ಮೇಜಿನ ಹತ್ತಿರವಲ್ಲ, ಕಾರು ಭರ್ರೆಂದು ಹೋಗುತ್ತಿದ್ದಾಗ. ಆ ಡ್ರೈವರು ಬದುಕಿದ, ಆದರೆ ಇವತ್ತಿಗೂ ಕೋಲು ಹಿಡಿದೇ ನಡೆಯುತ್ತಾನೆ. ನಟ್ಟಿನ ನಡುವೆ ಒಂದು ಕೆಂಪು ಗುರುತಿರುತ್ತದೆ. ಅದು ಕಾಣುತ್ತಿದ್ದರೆ ಚಕ್ರ ಸರಿಯಾಗಿ ಕೂತಿಲ್ಲ, ಕಾಣದಿದ್ದರೆ ಕೂತಿದೆ. ಅಂದಿನಿಂದ ಆ ಜಾಗವನ್ನು ಕಣ್ಣಾರೆ ನೋಡದೆ ಅವಳು ಹೊರಡು ಎಂದು ಒಮ್ಮೆಯೂ ಕೈ ಎತ್ತಿರಲಿಲ್ಲ.

ಲಾಪೊ ಆಡಿದ ಮಾತು ಉಳಿಸಿಕೊಂಡ. ಒಂದೊಂದು ರೇಸು ನಾಲ್ಕು ಗಂಟೆ; ಪೆಟ್ರೋಲಿಗೆ, ಟೈರಿಗೆ ಕಾರು ಒಳಗೆ ಬಂದಾಗೆಲ್ಲ ಅವನ ಕಣ್ಣು ಅವಳ ಕೈ ಮೇಲೆಯೇ. ಹೆಲ್ಮೆಟ್ಟಿನ ಕಿಂಡಿಯಲ್ಲಿ ಕಾಣುವುದು ಎರಡು ಕಣ್ಣು ಮಾತ್ರ. ಬಿಸಿಲಿದ್ದರೆ ಸ್ವಲ್ಪ ಕಿರಿದಾಗುತ್ತಿದ್ದವು, ರೇಸಿನಲ್ಲಿ ಮುಂದಿದ್ದರೆ ಹೊಳೆಯುತ್ತಿದ್ದವು. ಜುಲೈ ಹೊತ್ತಿಗೆ ಮೊರೇನಾಗೆ ಆ ಕಣ್ಣುಗಳು ಬಾಯಿಪಾಠವಾಗಿದ್ದವು, ಅದೇ ಅವಳ ಪಾಲಿಗೆ ದೊಡ್ಡ ಹೆದರಿಕೆಯಾಯಿತು.

ಇಮೋಲಾದ ರೇಸಿನ ದಿನ ಇಬ್ಬರೂ ಟೈರುಗಳ ಮೇಲೆ ಕುಳಿತು ಪಿಯಾದೀನಾ ರೊಟ್ಟಿ ತಿನ್ನುತ್ತಿದ್ದರು.

"ನಾನು ಬಂದಾಗೆಲ್ಲ ಎದುರಿಗೆ ಮಂಡಿಯೂರಿ ಕೂತಿರ್ತೀಯ," ಅಂದ ಲಾಪೊ. "ಮದುವೆಗೆ ಕೇಳೋಕೆ ನಿನಗೇ ಅರ್ಜೆಂಟು ಅಂತ ಜನ ಮಾತಾಡ್ಕೊಳ್ತಾರೆ."

"ಮಂಡಿಯೂರೋದು ಚಕ್ರಕ್ಕೆ ಕಣೋ, ನಿನಗಲ್ಲ."

"ಚಕ್ರದ ಪುಣ್ಯ!"

ಅವಳ ಕಿವಿ ಬೆಚ್ಚಗಾಯಿತು. ರೊಟ್ಟಿಯೊಳಗಿನ ಚೀಸು ಗಲ್ಲಕ್ಕೆ ಅಂಟಿದ್ದೂ ಗೊತ್ತಾಗಲಿಲ್ಲ. ಅವನು ಬೆರಳು ಚಾಚಿದ, ಮುಟ್ಟದೆ ಹಾಗೇ ತೋರಿಸಿದ. ಮುಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಟೀಮಿನ ಯಜಮಾನ ಬತ್ತಿಸ್ತ ದೂರದಿಂದಲೇ ಇದನ್ನು ನೋಡಿದ್ದ. ಸಂಜೆ ಅವಳನ್ನು ಕರೆದು ನೇರವಾಗಿ ಹೇಳಿದ. "ನೋಡು ಮಗಳೇ, ಒಲವು ಗಿಲವು ಎಲ್ಲ ನನಗೂ ಗೊತ್ತು. ಆದ್ರೆ ಡ್ರೈವರ್ ಮೇಲೆ ಮನಸ್ಸಿಟ್ಟೋರ ಕೈ ನಡುಗುತ್ತೆ. ನಡುಗೋ ಕೈಗೆ ನಾನು ಗನ್ ಕೊಡಲ್ಲ. ಅಂಥದ್ದೇನಾದ್ರೂ ಇದ್ರೆ ಈಗಲೇ ಹೇಳ್ಬಿಡು."

"ಅಂಥದ್ದೇನಿಲ್ಲ," ಅಂದಳು ಮೊರೇನಾ. ನಟ್ಟು ಬಿಗಿಯುವ ಆ ಗನ್ನೇ ಅವಳ ಅನ್ನ, ಅವಳ ಹೆಮ್ಮೆ. ಸುಳ್ಳು ಸಲೀಸಾಗಿ ಬಂತು.

ಅಕ್ಟೋಬರ್. ಪೋರ್ಚುಗಲ್ಲಿನ ಪೋರ್ಟಿಮಾವ್, ಕೊನೆಯ ರೇಸು. ಗೆದ್ದರೆ ಸೀಸನ್ನಿನ ಕಪ್ ಅವರದು, ಕಪ್ ಜೊತೆಗೆ ಮುಂದಿನ ವರ್ಷ ಲೆ ಮಾನ್ ಎಂಬ ದೊಡ್ಡ ರೇಸಿಗೆ ಆಹ್ವಾನ. ಲಾಪೊ ಹನ್ನೊಂದು ವರ್ಷದಿಂದ ಕಾದಿದ್ದು ಅದಕ್ಕೇ. ಅದೇ ಕಾರನ್ನು ಸರದಿಯಂತೆ ಓಡಿಸುವ ಇನ್ನೊಬ್ಬ ಡ್ರೈವರು ಡಾಕ್ಟರ್ ಫೌಸ್ತೊ, ವೃತ್ತಿಯಲ್ಲಿ ಹಲ್ಲಿನ ವೈದ್ಯರು. ಅವರು ತಮ್ಮ ಪಾಲನ್ನು ಓಡಿಸಿ ಮುಗಿಸಿ ಈಗ ಗ್ಯಾರೇಜಿನಲ್ಲಿ ಉಗುರು ಕಚ್ಚುತ್ತ ಕುಳಿತಿದ್ದರು.

ಮುಗಿಯಲು ಮೂವತ್ತೈದು ನಿಮಿಷವಿದ್ದಾಗ ಲಾಪೊ ಕೊನೆಯ ಪೆಟ್ರೋಲಿಗೆ, ಟೈರಿಗೆ ಒಳಗೆ ಬಂದ. ಎಲ್ಲರಿಗಿಂತ ಮುಂದಿದ್ದ. ಪೆಟ್ರೋಲ್ ಆಯಿತು, ಕಾರು ಮೇಲೆದ್ದಿತು. ಮೊರೇನಾ ಮಂಡಿಯೂರಿದಳು. ಹಳೇ ಚಕ್ರ ಆಚೆ, ಹೊಸದು ಒಳಗೆ, ಗನ್ ಗರ್ರೆಂದಿತು. ಆಗ ಲಾಪೊ ಎಂದೂ ಮಾಡದ ಕೆಲಸ ಮಾಡಿದ. ಹೆಲ್ಮೆಟ್ಟಿನ ಗಾಜು ಮೇಲೆ ಸರಿಸಿ ಅವಳನ್ನೇ ನೋಡಿದ. ಆ ನೋಟದಲ್ಲಿ ತಮಾಷೆಯೇ ಇರಲಿಲ್ಲ. ಇಡೀ ಸೀಸನ್ ನುಂಗಿಕೊಂಡಿದ್ದೆಲ್ಲ ಅಲ್ಲಿತ್ತು. ಮೊರೇನಾಳ ಕೈ ತಾನಾಗಿ ಮೇಲೆದ್ದಿತು.

ಕಾರು ಹೊರಟುಹೋಯಿತು.

ಗನ್ ಕೆಳಗಿಟ್ಟ ಮೇಲೆ ಅವಳ ಎದೆ ಧಸಕ್ಕೆಂದಿತು. ಗುರುತು ನೋಡಿದೆನಾ? ಕಣ್ಣು ಮುಚ್ಚಿ ನೆನಪು ಮಾಡಿಕೊಂಡಳು. ನಟ್ಟು ನೆನಪಾಗಲಿಲ್ಲ. ಬರೀ ಅವನ ಕಣ್ಣು, ಅವನ ಕಣ್ಣು. ಅಯ್ಯೋ ದೇವರೇ.

ಓಡಿಹೋಗಿ ಬತ್ತಿಸ್ತನ ತೋಳು ಹಿಡಿದಳು. "ಅವನನ್ನ ಒಳಗೆ ಕರೀರಿ. ನಾನು ಗುರುತು ನೋಡಿಲ್ಲ."

ಅವನ ಮುಖ ಬಿಳಿಚಿಕೊಂಡಿತು. "ಗನ್ ಸದ್ದು ಹೇಗಿತ್ತು?"

"ಸರಿಯಾಗೇ ಇತ್ತು."

"ಮತ್ತೇನೇ! ಕೂತಿರುತ್ತೆ ಬಿಡು. ಈಗ ಕರೆದ್ರೆ ಕಪ್ ಹೋಯ್ತು, ಲೆ ಮಾನ್ ಹೋಯ್ತು." ಹಾಗೆಂದರೂ ಅವನ ಬೆರಳು ರೇಡಿಯೋ ಗುಂಡಿಗೆ ಹೋಯಿತು. "ಲಾಪೊ, ಮುಂದೆ ಬಲಗಡೆ ಏನಾದ್ರೂ ನಡುಗ್ತಿದೆಯಾ?"

"ಇಲ್ಲ. ಯಾಕೆ?"

ಬತ್ತಿಸ್ತ ಗುಂಡಿಯಿಂದ ಬೆರಳು ತೆಗೆದ. ಟಿವಿಯಲ್ಲಿ ಕಾರು ನೇರ ರಸ್ತೆಯ ಕೊನೆ ಮುಟ್ಟಿ ಇಳಿಜಾರಿಗೆ ಧುಮುಕಿತು. ಮೊರೇನಾ ಟಿವಿಯ ಮುಂದೆಯೇ ನಿಂತಳು. ಸುಮ್ಮನಿದ್ದರೆ ಗನ್ನು ಉಳಿಯುತ್ತದೆ, ಸುಳ್ಳು ಉಳಿಯುತ್ತದೆ, ಬಹುಶಃ ಕಪ್ ಕೂಡ ಬರುತ್ತದೆ. ಆ ಬಹುಶಃದ ಕೆಳಗೆ ಅವನ ಎರಡು ಕಾಲುಗಳಿದ್ದವು, ಜೀವವಿತ್ತು. ಕಾರು ಇನ್ನೊಂದು ಸುತ್ತು ಬಂದು ಮತ್ತೆ ಇಳಿಯಿತು. ಅವಳಿಗೆ ತಡೆಯಲಾಗಲಿಲ್ಲ. ಬತ್ತಿಸ್ತನ ಕೈಯಿಂದ ಮೈಕು ಕಿತ್ತುಕೊಂಡಳು.

"ಲಾಪೊ, ನಾನು. ಒಳಗೆ ಬಾ."

"ಮೊರೇನಾ? ಏನಾಯ್ತು?"

"ಗುರುತು ನೋಡದೆ ಕೈ ಎತ್ತಿಬಿಟ್ಟೆ."

"ನೀನಾ? ಗುರುತು ನೋಡದೆ ಮತ್ತೇನು ನೋಡ್ತಿದ್ದೆ?"

ಗ್ಯಾರೇಜಿನಲ್ಲಿ ಎಲ್ಲರ ಕಿವಿಗೂ ಅದೇ ರೇಡಿಯೋ.

"ನಿನ್ನನ್ನ."

ಎಂಜಿನ್ನಿನ ಮೊರೆತದ ನಡುವೆ ಅವನ ಧ್ವನಿ ಮೆತ್ತಗೆ ಬಂತು. "ಇನ್ನೊಂದ್ಸಲ ಹೇಳು."

"ಮೊದಲು ಬಾರೋ ಮಾರಾಯ! ನಿಧಾನಕ್ಕೆ ಬಾ!"

"ಬಂದೆ."

ಉಳಿದ ಅರ್ಧ ಸುತ್ತು ಮುಗಿಯುವಷ್ಟರಲ್ಲಿ ಅವಳು ಗೊತ್ತಿದ್ದ ದೇವರನ್ನೆಲ್ಲ ಕರೆದಳು. ಕಾರು ಬಂದು ನಿಂತದ್ದೇ ಮಂಡಿಯೂರಿ ಮುಖವನ್ನು ಚಕ್ರಕ್ಕೆ ಹತ್ತಿರ ತಂದಳು. ಕೆಂಪು ಕಾಣಲಿಲ್ಲ. ಗನ್ ಹಚ್ಚಿದಳು, ನಟ್ಟು ಕೂದಲೆಳೆಯಷ್ಟೂ ತಿರುಗಲಿಲ್ಲ. ಚಕ್ರ ಮೊದಲಿನಿಂದಲೂ ಬಿಗಿಯಾಗಿಯೇ ಇತ್ತು. ಈ ಸಲ ಅವಳು ಅವನ ಕಡೆ ತಿರುಗಲೇ ಇಲ್ಲ. ನಟ್ಟನ್ನೇ ನೋಡುತ್ತ ಕೈ ಎತ್ತಿದಳು.

ಲಾಪೊ ಪಟ್ಟುಬಿಡದೆ ಓಡಿಸಿದ. ಮೂರನೆಯವನಾಗಿ ಬಂದ. ಕಪ್ ಬೇರೆಯವರ ಪಾಲಾಯಿತು.

ಆಚೆ ಗೆದ್ದವರು ಶಾಂಪೇನ್ ಚಿಮ್ಮಿಸುತ್ತಿದ್ದಾಗ ಬತ್ತಿಸ್ತ ಅವಳೆದುರು ಬಂದು ನಿಂತ. ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

"ಒಂದೇ ಒಂದು ಹೇಳು. ಕಾರಲ್ಲಿ ಡಾಕ್ಟರು ಇದ್ದಿದ್ರೂ ಕರೀತಿದ್ಯಾ?"

"ಡಾಕ್ಟರು ಇದ್ದಿದ್ರೆ ಕರೆಯೋ ಪ್ರಮೇಯವೇ ಬರ್ತಿರಲಿಲ್ಲ," ಅಂದಳು ಮೊರೇನಾ. "ನಟ್ಟನ್ನೇ ನೋಡಿರ್ತಿದ್ದೆ. ಇಮೋಲಾದಲ್ಲಿ ನಿಮಗೆ ಸುಳ್ಳು ಹೇಳ್ದೆ."

"ಅಯ್ಯೋ, ನನ್ನ ಮೋರೆ ಅಷ್ಟೊಂದು ಕೆಟ್ಟದಾಗಿದೆಯಾ?" ಎಂದರು ಡಾಕ್ಟರ್ ಫೌಸ್ತೊ, ಪಾಪ. ಯಾರೂ ನಗಲಿಲ್ಲ.

ಮೊರೇನಾ ಗ್ಲೌಸು ಬಿಚ್ಚಿ ಮೇಜಿನ ಮೇಲಿಟ್ಟಳು. ಬತ್ತಿಸ್ತ ಅವುಗಳನ್ನು ನೋಡಿದ, ಅವಳನ್ನು ನೋಡಿದ, ಕೊನೆಗೆ ಮೆಲ್ಲಗೆ ಎತ್ತಿಕೊಂಡ. "ನನ್ನ ಟೀಮಲ್ಲಿ ಬೇರೆ ಕೆಲಸ ಇದೆ. ಗನ್ ಮಾತ್ರ ಇಲ್ಲ," ಎಂದು ಹೇಳಿ ಹೋದ.

ಲಾಪೊ ಇನ್ನೂ ಕಾರಿನಿಂದ ಇಳಿದಿರಲಿಲ್ಲ. ಅವಳಿಗೆ ಅವನ ಮುಖ ನೋಡುವ ಧೈರ್ಯವಿರಲಿಲ್ಲ. ಹನ್ನೊಂದು ವರ್ಷವನ್ನು ಒಂದು ಮಾತಿನಲ್ಲಿ ಹಾಳು ಮಾಡಿದ್ದಳಲ್ಲ. ಆದರೂ ಹೋದಳು, ಬಾಗಿಲ ಪಕ್ಕ ನಿಂತಳು.

"ಬಿಗಿಯಾಗೇ ಇತ್ತು," ಅಂದಳು. "ಸುಮ್ಮಸುಮ್ಮನೆ ಕರೆದುಬಿಟ್ಟೆ. ಬೈಯೋದಿದ್ರೆ ಬೈದುಬಿಡು."

ಅವನು ಇಳಿದ. ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿದ್ದ. "ನಡುಗ್ತಿದೆಯಾ ಅಂತ ಕೇಳಿದ್ರು, ಇಲ್ಲ ಅಂದೆ. ಕಾರು ನಡುಗ್ತಿರಲಿಲ್ಲ. ನಾನು ನಡುಗ್ತಿದ್ದೆ. ಇಷ್ಟು ವರ್ಷದಲ್ಲಿ ಒಂದು ದಿನವೂ ಹೆದರಿದೋನಲ್ಲ ನಾನು. ಇವತ್ತು ಪ್ರತಿ ತಿರುವಿನಲ್ಲೂ ಹೆದರಿದೆ."

"ಯಾಕೆ?"

"ರೇಸ್ ಮುಗಿದ ಮೇಲೆ ನಿನಗೊಂದು ಮಾತು ಹೇಳಬೇಕು ಅಂದ್ಕೊಂಡಿದ್ದೆ. ಹೇಳದೇ ಸತ್ತರೆ ಅಂತ ಭಯ." ಅವನು ಬಲಗಡೆಯ ಮುಂದಿನ ಚಕ್ರದ ಪಕ್ಕದಲ್ಲಿ, ಅವಳು ಯಾವಾಗಲೂ ಮಂಡಿಯೂರುವ ಜಾಗದಲ್ಲಿ, ಮಂಡಿಯೂರಿದ. "ಲೆ ಮಾನ್ ಹೋಯ್ತು ಅಂತ ಬೇಜಾರಿದೆ. ಸುಳ್ಳು ಹೇಳಲ್ಲ, ತುಂಬಾ ಬೇಜಾರಿದೆ. ಆದ್ರೆ ನಿನ್ನ ಬಾಯಲ್ಲಿ ಆ ಮಾತು ಕೇಳಿದೆನಲ್ಲ! ಇನ್ನೊಂದ್ಸಲ ಹೇಳು."

"ಟಿವಿಯವರು ನಮ್ಮ ರೇಡಿಯೋ ಮಾತನ್ನ ಹಾಕಿದ್ರಂತೆ. ಯೂರೋಪಿಗೆಲ್ಲ ಕೇಳಿಸಿದೆ, ನಿನಗೆ ಕೇಳಿಸಲಿಲ್ವಾ?"

"ಎಂಜಿನ್ ಸದ್ದು ಇತ್ತು ಕಣೇ."

ಅವಳು ಬಗ್ಗಿ ಅವನ ಕಿವಿಯ ಹತ್ತಿರ ಹೇಳಿದಳು. ಅವನು ಅವಳ ಬಲಗೈ ಹಿಡಿದುಕೊಂಡ. ಅದು ಇನ್ನೂ ಗಡಗಡ ನಡುಗುತ್ತಿತ್ತು. ಅವನು ಬಿಡಲಿಲ್ಲ.